ನಾನು ಸುತ್ತಿದ ತೋಟೆ

ಆಗೆಲ್ಲ ಕೆಡ್ಡಸ ಹತ್ತಿರ ಬಂತೆಂದರೆ ಬೆಳ್ಯಪ್ಪ ಮಾವನ ಮನೆಯ ಜಗಲಿಯಲ್ಲಿ ಎರಡು ವಾಸನೆ ಒಟ್ಟಿಗೆ ಏಳುತ್ತಿತ್ತು. ಒಳಗಿನಿಂದ ಅತ್ತೆ ಹುರಿಯುವ ಕುಚ್ಚಲಕ್ಕಿಯದ್ದು, ಹೊರಗಿನಿಂದ ಮಾವ ಕೋವಿಗೆ ಸವರುವ ಜೇನುಮೇಣದ್ದು. ಇವತ್ತಿಗೂ ಎಲ್ಲಿಯಾದರೂ ಅಕ್ಕಿ ಹುರಿಯುವ ಪರಿಮಳ ಬಂದರೆ ಉಳಿದವರಿಗೆ ಬಾಯಲ್ಲಿ ನೀರು ಬರುತ್ತದೆ, ನನಗೆ ಗಂಟಲು ಒಣಗುತ್ತದೆ. ಯಾಕೆ ಎಂದು ನನ್ನ ಹೆಂಡತಿಗೂ ಮೊನ್ನೆ ಮೊನ್ನೆಯವರೆಗೆ ಹೇಳಿರಲಿಲ್ಲ.

ಕೆಡ್ಡಸ ಎಂದರೆ ನಮ್ಮ ಕಡೆಯ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಮಕರ ತಿಂಗಳ ಕೊನೆಗೆ ಬರುವ ಮೂರು ದಿನ, ಭೂಮಿತಾಯಿ ಮುಟ್ಟಾಗುವ ದಿನಗಳು. ಆ ಮೂರು ದಿನ ನೆಲಕ್ಕೆ ಹಾರೆ ಹಾಕುವಂತಿಲ್ಲ, ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ. ನಮ್ಮಲ್ಲಿ ಒನಕೆಯನ್ನು ಕೂಡ ಅಟ್ಟಕ್ಕೆ ಏರಿಸಿ ಇಡುತ್ತಿದ್ದರು, ಯಾರೂ ಮರೆತು ಕುಟ್ಟಬಾರದೆಂದು. ನೆಲಕ್ಕೆ ಪೆಟ್ಟಾಗುವ ಕೆಲಸ ಯಾವುದೂ ಇಲ್ಲ. ಹುರಿದ ಅಕ್ಕಿ ಹುಡಿಗೆ ಬೆಲ್ಲ, ಕಾಯಿತುರಿ, ಎಳ್ಳು, ನೆಲಗಡಲೆ ಕಲಸಿ ಮಾಡುವ ನನ್ನೇರಿಯನ್ನು ಮೊದಲೇ ತಯಾರು ಮಾಡಿಟ್ಟು ಮೂರು ದಿನ ತಿನ್ನುವುದು. ಗಂಡಸರು ಬೇಟೆಗೆ ಹೋಗುವುದು. ಬೇಟೆಗೆ ವಿರುದ್ಧವಾಗಿ ಕಾನೂನು ಆಗಲೂ ಇತ್ತು. ಊರಿಗೆ ಗೊತ್ತಿರಲಿಲ್ಲ ಎಂದು ನಾನು ಸುಳ್ಳು ಬರೆಯುವುದಿಲ್ಲ. ಗೊತ್ತಿತ್ತು. ಗೆಣಸು, ಬಾಳೆ ಎಲ್ಲ ಹಂದಿ ತಿಂದು ಹಾಳು ಮಾಡುತ್ತಿತ್ತು, ಕೆಡ್ಡಸ ಒಂದು ನೆಪವೂ ಆಗುತ್ತಿತ್ತು.

ಕಡಬದಿಂದ ಸುಳ್ಯದ ಕಡೆಗೆ ಹೋಗುವ ದಾರಿಯಲ್ಲಿ, ಹೊಳೆಯ ಈಚೆ ದಡದಲ್ಲಿ ನಮ್ಮ ಊರು. ಬೆಳೆ ಕಾಯಲೆಂದು ಲೈಸನ್ಸ್ ಇದ್ದ ಕೋವಿಗಳು ಆಗ ಹತ್ತು ಹನ್ನೆರಡು ಮನೆಯಲ್ಲಿ ಇದ್ದವು. ಎಲ್ಲವೂ ಕೇಪಿನ ಕೋವಿಗಳೇ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜ ಎನ್ನುವ ಉದ್ದದ ಸಲಾಕೆಯಿಂದ ಜಡಿದು, ಸೀಸದ ಚರೆ ಹಾಕಿ, ಮತ್ತೆ ನಾರು ತುರುಕಿ, ಮತ್ತೆ ಜಡಿದು, ಕೊನೆಗೆ ಹಿಂದಿನ ಮೊಲೆಯಂಥ ಸಣ್ಣ ಕೊಳವೆಯ ಮೇಲೆ ತಾಮ್ರದ ಪುಟ್ಟ ಟೊಪ್ಪಿಯಂಥ ಕೇಪು ಇಡಬೇಕು. ಅಷ್ಟಾಗುವಾಗ ಹಂದಿ ಪಕ್ಕದ ಊರಿಗೆ ಮುಟ್ಟಿರುತ್ತಿತ್ತು.

ಮಾವನ ಕೋವಿ ಹಾಗಲ್ಲ. ಅದಕ್ಕೂ ಕೇಪೇ, ಮದ್ದು ಅದೇ ಕಪ್ಪು ಮದ್ದು. ಆದರೆ ಹಿಂದುಗಡೆ ಒಂದು ಕಬ್ಬಿಣದ ಬಾಗಿಲು. ಹಿಡಿ ಎತ್ತಿದರೆ ಬಾಗಿಲು ತೆರೆಯುತ್ತದೆ, ಕಾಗದದಲ್ಲಿ ಸುತ್ತಿದ ತೋಟೆಯನ್ನು ಒಳಗೆ ದೂಡಿ ಬಾಗಿಲು ಮುಚ್ಚಿ ಕೇಪು ಇಟ್ಟರೆ ಆಯಿತು. ಬೇರೆಯವರು ಒಂದು ಈಡು ಹೊಡೆಯುವಾಗ ಮಾವ ನಾಲ್ಕು ಹೊಡೆಯುತ್ತಿದ್ದರು. ನಳಿಗೆಯ ಒಳಗೆ ಸುತ್ತುಸುತ್ತಾಗಿ ಗೆರೆ ಇತ್ತು, ಗುಂಡು ತಿರುಗುತ್ತಾ ಹೋಗಿ ನೇರ ನಾಟುತ್ತಿತ್ತು. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ, ಬೇಟೆಗೆ ದಾರಿ ತೋರಿಸುತ್ತಿದ್ದ ಮಾವನ ಅಜ್ಜನಿಗೆ ಅದನ್ನು ಕೊಟ್ಟುಹೋಗಿದ್ದನಂತೆ. ಊರವರು ಅದನ್ನು ‘ಬಾಗಿಲು ಕೋವಿ’ ಎನ್ನುತ್ತಿದ್ದರು. ಪೆರಾಬೆಯ ಕಡೆಯಿಂದಲೂ ಜನ ಅದನ್ನು ನೋಡಲೆಂದೇ ಬರುತ್ತಿದ್ದರು. ಬಂದವರ ಎದುರು ಬಾಗಿಲು ತೆರೆದು ಮುಚ್ಚಿ ತೋರಿಸುವುದು ನನ್ನ ಕೆಲಸ.

ಮಾವನಿಗೆ ಮಕ್ಕಳಿರಲಿಲ್ಲ. ಅಮ್ಮನ ಅಣ್ಣ ಅವರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಒಂದು ಗದ್ದೆ. ನಾನು ಉಣ್ಣುವುದು ಇಲ್ಲಿ, ಬೆಳೆಯುವುದು ಅಲ್ಲಿ ಎಂಬಂತೆ ಇದ್ದೆ. ತೋಟೆ ಸುತ್ತುವುದನ್ನು ಮಾವ ನನಗೆ ಹತ್ತನೆಯ ವಯಸ್ಸಿಗೇ ಕಲಿಸಿದ್ದರು. ಗಾಳಿಪಟದ ತೆಳು ಕಾಗದವನ್ನು ಪೆನ್ಸಿಲಿಗಿಂತ ಸ್ವಲ್ಪ ದಪ್ಪದ ಕೋಲಿಗೆ ಸುತ್ತಿ, ಗಂಜಿಯ ಅಂಟು ಹಚ್ಚಿ, ಒಂದು ಕಡೆ ಸೀಸದ ಗುಂಡು ಕೂರಿಸಿ, ಬಿದಿರಿನ ಪುಟ್ಟ ಅಳತೆಯಿಂದ ಒಂದೇ ಒಂದು ಅಳತೆ ಮದ್ದು ಹಾಕಿ ತುದಿ ಮಡಚಬೇಕು. ನನ್ನ ಬೆರಳು ಸಣ್ಣದು, ಕೆಲಸ ನಾಜೂಕು. ನನ್ನ ತೋಟೆ ನೋಡಿ ಮಾವ ‘ಅಂಗಡಿಯದ್ದರ ಹಾಗೆ ಉಂಟು’ ಎನ್ನುತ್ತಿದ್ದರು. ಶಾಲೆಯಲ್ಲಿ ಯಾವ ಮಾಸ್ತರರೂ ನನ್ನನ್ನು ಅಷ್ಟು ಹೊಗಳಿರಲಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು.

“ಈ ಕೋವಿಗೆ ಬಾಗಿಲು ಉಂಟಲ್ಲ ಚಿನ್ನಪ್ಪ, ಅದು ಮನುಷ್ಯನ ಬಾಯಿಯ ಹಾಗೆ. ಹೆಚ್ಚು ತುಂಬಿಸಿದರೆ ಉಗುಳ್ತದೆ. ಉಗುಳುದು ಯಾರ ಮೋರೆಗೆ? ಹಿಡ್ಕೊಂಡವನ ಮೋರೆಗೆ.”

ಬಾಗಿಲಿನ ಸಂದಿಯಿಂದ ಬೆಂಕಿ ಹೊರಗೆ ಬರದಿರಲೆಂದೇ ಅವರು ಮೇಣ ಸವರುತ್ತಿದ್ದದ್ದು. ಬೇರೆ ಕೋವಿಗೆ ಹಾಕುವುದಕ್ಕಿಂತ ಮದ್ದು ಕಡಿಮೆ ಹಾಕುತ್ತಿದ್ದದ್ದೂ ಅದಕ್ಕೇ. ಹಾಗಾಗಿ ಬಾಗಿಲು ಕೋವಿಯ ಶಬ್ದ ಸಣ್ಣದು. ಠಪ್ ಎಂದು ಒಂದು ಸಲ, ಅಷ್ಟೆ.

ಆ ಮದ್ದು ಮಾಡುತ್ತಿದ್ದವರು ಹೊಳೆಯ ಆಚೆಯ ಹಸನಬ್ಬ ಕಾಕ. ಅವರ ತಂದೆಯ ಕಾಲದಿಂದಲೂ ಅದೇ ಕಸುಬು. ಊರ ದೇವಸ್ಥಾನದಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿಸಿ ಕದಿನ ಹೊಡೆಯುವುದೂ ಅವರೇ, ಭೂತದ ನೇಮಕ್ಕೆ ಗರ್ನಾಲು ಪಟಾಕಿ ಬಿಡುವುದೂ ಅವರೇ. ಮಾವನಿಗೂ ಅವರಿಗೂ ಒಂದೇ ಪ್ರಾಯ. ಮಧ್ಯಾಹ್ನ ಕಳೆದ ಮೇಲೆ ಕಾಕ ಹೊಳೆ ದಾಟಿ ಬಂದು ಜಗಲಿಯಲ್ಲಿ ಕೂತರೆ ಇಬ್ಬರಿಗೂ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ಮಾವ ಅರೆಭಾಷೆಯಲ್ಲಿ ಬೈಯುವುದು, ಕಾಕ ಬ್ಯಾರಿಯಲ್ಲಿ ಬೈಯುವುದು, ಮತ್ತೆ ಇಬ್ಬರೂ ತುಳುವಿನಲ್ಲಿ ನಗುವುದು.

“ನಿನ್ನ ಕೋವಿ ಹೆಂಗಸರ ಹಾಗೆ ಮಾರಾಯ, ಬಾಗಿಲು ಹಾಕಿಯೇ ಮಾತಾಡುದು,” ಎಂದು ಕಾಕ ಹೇಳಿದರೆ ಒಳಗಿನಿಂದ ಅತ್ತೆ, “ನಿಮ್ಮ ಮನೆಯ ಹೆಂಗಸರು ಬಾಗಿಲು ಹಾಕದೆ ಮಾತಾಡಿದರೆ ನಿಮಗೆ ಇಲ್ಲಿಗೆ ಬರ್ಲಿಕ್ಕೆ ಪುರುಸೊತ್ತು ಉಂಟಾ?” ಎನ್ನುತ್ತಿದ್ದರು.

ನನಗೆ ಹನ್ನೆರಡು ತುಂಬಿದ ವರ್ಷ. ಏಳನೆಯ ಕ್ಲಾಸು. ಮೊದಲ ಕೆಡ್ಡಸದ ಬೆಳಿಗ್ಗೆ ನೋಡಿದರೆ ಡಬ್ಬಿಯ ಮದ್ದು ಥಂಡಿ ಹಿಡಿದು ಗಟ್ಟಿಯಾಗಿತ್ತು. ಮಾವ ನನ್ನನ್ನು ಕಾಕನ ಮನೆಗೆ ಓಡಿಸಿದರು. ಹೊಳೆಯಲ್ಲಿ ಮೊಣಕಾಲು ನೀರು, ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದೆ.

ಕಾಕ ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದರು. ಮದ್ದು ಕುಟ್ಟುವ ಮರದ ಒರಳನ್ನು ಮಗುಚಿ ಹಾಕಿತ್ತು. ಅದರ ಬೆನ್ನ ಮೇಲೆ ಒಂದು ಕೋಳಿ ರೆಕ್ಕೆ ಹರಡಿಕೊಂಡು ಬಿಸಿಲು ಕಾಯಿಸುತ್ತಿತ್ತು. ಇದು ನನಗೆ ನಿನ್ನೆ ನೋಡಿದ ಹಾಗೆ ಕಣ್ಣಿಗೆ ಕಟ್ಟಿದೆ. ಕಂದು ಕೋಳಿ.

“ಒರಳು ಎಂತ ಕಾಕ ಮಲಗಿದ್ದು?” ಎಂದೆ. ನನ್ನನ್ನು ಅವರು ‘ಮೋನೇ’ ಎಂದೇ ಕರೆಯುವುದು, ಅಂದರೆ ಮಗನೇ.

“ನಿಮ್ಮ ಕೆಡ್ಡಸ ಅಲ್ವಾ ಮೋನೇ. ನಾಲ್ಕು ದಿನ ಮೊದಲೇ ಕೆಲಸ ಮುಗಿಸಿದ್ದೇನೆ. ನೆಲ ನಿಮಗೊಂದು ನಮಗೊಂದು ಅಂತ ಉಂಟಾ?”

ಒಳಗಿನಿಂದ ಹಳೆಯ ಡಬ್ಬಿ ತಂದು, ಒಂದು ಚಿಟಿಕೆ ಮದ್ದನ್ನು ಬಿಳಿ ಕಾಗದದ ಮೇಲೆ ಹಾಕಿ ಕೊಳ್ಳಿ ತಾಗಿಸಿದರು. ಭುಸ್ ಎಂದಿತು. ಕಾಗದ ಹಾಗೆಯೇ ಇತ್ತು, ಒಂದು ಕಪ್ಪು ಕಾಳು ಕೂಡ ಉಳಿದಿರಲಿಲ್ಲ.

“ನೋಡು, ಕಾಗದ ಸುಡ್ಲಿಲ್ಲ. ಇಂಥ ಮದ್ದು ಪುತ್ತೂರಿನಲ್ಲಿಯೂ ಸಿಗ್ಲಿಕ್ಕಿಲ್ಲ. ಬೆಳ್ಯಪ್ಪನಿಗೆ ಹೇಳು, ಹಂದಿಯ ತೊಡೆ ಕೇಳುದಿಲ್ಲ, ನನ್ನೇರಿ ಕಳಿಸಲಿಕ್ಕೆ ಹೇಳು.”

ವಾಪಸು ಬರುವಾಗ ದೇರಣ್ಣಜ್ಜನ ಮೊಮ್ಮಗ ಕೇಶವ ಗುಡ್ಡೆಯ ಬುಡದಲ್ಲಿ ಸಿಕ್ಕಿದ. ದೇರಣ್ಣಜ್ಜ ಊರಿನ ಹಿರಿಯರು, ಬೇಟೆಯ ಗುಂಪಿಗೆ ಅವರೇ ಯಜಮಾನರು. ಅವರ ಮನೆಯದ್ದು ಉದ್ದ ನಳಿಗೆಯ ಕೇಪಿನ ಕೋವಿ, ಹೊಡೆದರೆ ಮೂರು ಗುಡ್ಡೆ ಆಚೆಗೆ ಕೇಳುತ್ತಿತ್ತು.

“ಎಂತ, ಮದ್ದಾ? ಅಷ್ಟು ಮದ್ದು ನಿಮಗೆ ಎಂತಕ್ಕೆ?” ಎಂದ. “ನಿನ್ನ ಮಾವನ ಕೋವಿ ಹೊಡೆದರೆ ಕೋಳಿ ಸೀನಿದ ಹಾಗೆ ಕೇಳುದು. ಹಂದಿ ಸಾಯುದು ನಗಾಡಿ.”

ಅವನ ಜೊತೆ ಇನ್ನಿಬ್ಬರು ಹುಡುಗರಿದ್ದರು. ಅವರೂ ನಕ್ಕರು. ಒಬ್ಬ ಮೂಗು ಹಿಡಿದು ಕೋಳಿಯ ಹಾಗೆ ಸೀನಿ ತೋರಿಸಿದ. ನನಗೆ ಕಿವಿಯೆಲ್ಲ ಬಿಸಿಯಾಯಿತು. “ನಾಳೆ ಕೇಳು, ನಿನ್ನ ಕಿವಿ ಒಡೀತದೆ,” ಎಂದು ಹೇಳಿ ಬಂದೆ.

ಮಧ್ಯಾಹ್ನ ಜಗಲಿಯಲ್ಲಿ ಕೂತು ಎಂಟು ತೋಟೆ ಸುತ್ತಿದೆ. ಏಳಕ್ಕೆ ಒಂದೊಂದೇ ಅಳತೆ. ಎಂಟನೆಯದ್ದಕ್ಕೆ ಒಂದು ಹಾಕಿದೆ, ಸುತ್ತ ನೋಡಿದೆ, ಇನ್ನೂ ಅರ್ಧ ಹಾಕಿದೆ. ಕೋಲಿನ ಹಿಂಬದಿಯಿಂದ ಒತ್ತಿ ಒತ್ತಿ ಜಾಗ ಮಾಡಿ ತುದಿ ಮಡಚಿದೆ. ನೋಡಲಿಕ್ಕೆ ಉಳಿದದ್ದರ ಹಾಗೆಯೇ ಇತ್ತು, ಕೈಯಲ್ಲಿ ಮಾತ್ರ ಸ್ವಲ್ಪ ಗಟ್ಟಿ. ಮಾವನ ಚರ್ಮದ ಚೀಲದಲ್ಲಿ ಅದನ್ನೇ ಮೇಲೆ ಇಟ್ಟೆ, ಮೊದಲ ಈಡು ಅದೇ ಆಗಲಿ ಎಂದು. ಹೆದರಿಕೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಆಗಲಿಲ್ಲ. ಕೇಶವನ ಮುಖ ಹೇಗಾದೀತು ಎಂದೇ ಯೋಚಿಸುತ್ತಿದ್ದೆ.

ನಡು ಕೆಡ್ಡಸಕ್ಕೆ ಬೇಟೆ. ಹನ್ನೊಂದು ಜನ ಗಂಡಸರು, ಆರು ನಾಯಿ. ಬಿಸಿಲು ಏರುವ ಮೊದಲೇ ಗುಡ್ಡೆ ಹತ್ತಿದ್ದೆವು. ಒಣಗಿದ ಮುಳಿಹುಲ್ಲು ಕಾಲಿಗೆ ತಾಗಿ ಕೆರೆಯುತ್ತಿತ್ತು. ಕೆಳಗಿನಿಂದ ಕೂಗು ಹಾಕುವವರು ಕಾಡು ಸೋವಿ ಹಂದಿಯನ್ನು ಎಬ್ಬಿಸುತ್ತಾ ಬಂದರು. ಹಂದಿ ದಾಟುವ ಕಂಡಿಯಲ್ಲಿ ಒಂದು ಬಂಡೆಯ ಹಿಂದೆ ಮಾವ, ಅವರ ಎಡಗಡೆ ಚೀಲ ಹಿಡಿದು ನಾನು. ದೇರಣ್ಣಜ್ಜನ ಗುಂಪು ಎದುರಿನ ಗುಡ್ಡೆಯ ಓರೆಯಲ್ಲಿ. ಕೇಶವನೂ ಅಲ್ಲೇ ಇದ್ದ. ನಾನು ತೋಟೆ ಕೊಟ್ಟೆ, ಮಾವ ನೋಡದೆ ಕೈಚಾಚಿ ತೆಗೆದುಕೊಂಡರು. ಒಂದು ಕ್ಷಣ ಬೆರಳಲ್ಲಿ ಹಿಡಿದು ನಿಂತ ಹಾಗಾಯಿತು. ಏನೋ ಹೇಳುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ನಾಯಿ ಬೊಗಳಿತು. ಒಳಗೆ ದೂಡಿ ಬಾಗಿಲು ಮುಚ್ಚಿದರು.

ನಾನು ಸುತ್ತಿದ ತೋಟೆಯನ್ನು ಅವರು ತಿರುಗಿಸಿ ನೋಡುವ ಕ್ರಮವೇ ಇರಲಿಲ್ಲ. ಅಷ್ಟು ನಂಬಿಕೆ.

ಹಂದಿ ಬಂತು. ಒಂಟಿ ಸಲಗ. ಮಾವ ಕೋವಿಯ ಕುದುರೆ ಎತ್ತಿ ಗುರಿ ಹಿಡಿದರು. ನಾನು ಹಂದಿಯನ್ನು ನೋಡಲಿಲ್ಲ, ಎದುರಿನ ಓರೆಯಲ್ಲಿ ಕೇಶವನನ್ನು ನೋಡುತ್ತಿದ್ದೆ. ಶಬ್ದ ಆಯಿತು. ನಾನು ಬಯಸಿದ ಹಾಗೆಯೇ ದೊಡ್ಡ ಶಬ್ದ. ಗುಡ್ಡೆಗೆ ಬಡಿದು ವಾಪಸು ಬಂತು. ನಾನು ನಕ್ಕೆ. ದೇವರಾಣೆಗೂ ನಕ್ಕೆ. ಮತ್ತೆ ತಿರುಗಿ ನೋಡಿದೆ.

ಮಾವ ನಿಂತೇ ಇದ್ದರು. ಬಲಗೆನ್ನೆಯ ಮೇಲೆ ಕಪ್ಪು, ಹುಬ್ಬು ಹೊಗೆಯಾಡುತ್ತಿತ್ತು. ಕಣ್ಣು ಎಲ್ಲಿದೆ ಎಂದು ಗೊತ್ತಾಗುತ್ತಿರಲಿಲ್ಲ. ಅವರು ಕೂಗಲಿಲ್ಲ. ಕೋವಿಯನ್ನು ನನ್ನ ಕಡೆಗೆ ಚಾಚಿದರು.

“ಚಿನ್ನಪ್ಪ, ಕೋವಿ ಹಿಡ್ಕೊ. ನೆಲಕ್ಕೆ ಹಾಕ್ಬೇಡ, ಕೆಡ್ಡಸ.”

ನಾನು ಹಿಡಿದುಕೊಂಡ ಮೇಲೆಯೇ ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತದ್ದು.

ಜೀಪಿನಲ್ಲಿ ಕಡಬಕ್ಕೆ, ಅಲ್ಲಿಂದ ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಒಯ್ದರು. ಬೇಟೆಯ ಸುದ್ದಿ ಎತ್ತದೆ, ಮಂಗ ಓಡಿಸುವಾಗ ಆದದ್ದು ಎಂದು ಹೇಳಿದರಂತೆ. ಬಲಗಣ್ಣು ಹೋಯಿತು.

ಕಡೇ ಕೆಡ್ಡಸದ ದಿನ ಭೂಮಿತಾಯಿಯ ಸ್ನಾನಕ್ಕೆಂದು ಹೆಂಗಸರು ಅಂಗಳದಲ್ಲಿ ಎಣ್ಣೆ, ಅರಸಿನ, ಸೀಗೆ ಇಡುತ್ತಾರೆ. ಅಮ್ಮ ಅದನ್ನು ಇಡುತ್ತಿರುವಾಗಲೇ ಜಗಲಿಯಲ್ಲಿ ಗಂಡಸರು ಸೇರಿದರು. ಅಪ್ಪ, ದೇರಣ್ಣಜ್ಜ, ಬೇಟೆಗೆ ಬಂದ ಉಳಿದವರು. ಆದದ್ದು ಯಾಕೆ ಎಂದು ತಿಳಿಯಬೇಕಿತ್ತು. ಬಾಗಿಲು ಕೋವಿಯನ್ನು ತೆರೆದು ಮುಚ್ಚಿ ನೋಡಿದರು, ಬಾಗಿಲು ಸರಿ ಇತ್ತು. ಚೀಲದಲ್ಲಿ ಉಳಿದಿದ್ದ ಏಳು ತೋಟೆಗಳನ್ನು ಒಂದೊಂದಾಗಿ ಬಿಚ್ಚಿ ಮದ್ದನ್ನು ಬಿದಿರಿನ ಅಳತೆಗೆ ಸುರಿದರು. ಏಳೂ ಸರಿ. ಒಂದು ಚಿಟಿಕೆ ಮದ್ದನ್ನು ಕಾಗದದ ಮೇಲೆ ಸುಟ್ಟರು. ಕಾಗದ ಹಾಗೆಯೇ ಉಳಿಯಿತು.

“ಮದ್ದೂ ಸರಿ ಉಂಟಲ್ಲ ಮಾರಾಯ್ರೆ,” ಎಂದರು ಅಪ್ಪ. “ಹಾಗಾದರೆ ಎಂತ ಆದದ್ದು?”

ಇನ್ನು ಉಳಿದದ್ದು ಒಂದೇ, ಆ ಎಂಟನೆಯ ತೋಟೆ. ಯಾರ ಕಣ್ಣೂ ಇನ್ನೂ ನನ್ನ ಕಡೆ ತಿರುಗಿರಲಿಲ್ಲ. ನಾನು ಕಂಬ ಹಿಡಿದು ನಿಂತಿದ್ದೆ.

ದೇರಣ್ಣಜ್ಜ ಎಲೆಯಡಿಕೆ ಉಗುಳಿ ಬಂದು ಕೂತರು. “ಮದ್ದು ತಂದದ್ದು ಯಾವಾಗ?”

“ಮೊದಲ ಕೆಡ್ಡಸದ ದಿನ,” ಎಂದರು ಅಪ್ಪ. “ಇವನೇ ಹೋದದ್ದು.”

“ಹೌದಾ?” ದೇರಣ್ಣಜ್ಜ ನನ್ನ ಕಡೆ ತಿರುಗಿದರು. ಅವರ ಸ್ವರ ಮೆತ್ತಗಿತ್ತು. “ನೀನು ಹೋಗುವಾಗ ಹಸನಬ್ಬ ಎಂತ ಮಾಡ್ತಾ ಇದ್ದ ಮಗ? ಕುಟ್ತಾ ಇದ್ದನಾ?”

ಅವರು ಮಾತನ್ನು ನನ್ನ ಬಾಯಿಗೆ ಇಟ್ಟುಕೊಟ್ಟಂತೆ ಇತ್ತು. ಹಾಗೆಂದು ತಪ್ಪು ಅವರ ಮೇಲೆ ಹಾಕುವುದಿಲ್ಲ. ಅವರು ಕೇಳಿದ್ದು ಮಾತ್ರ. ಉತ್ತರ ನನ್ನದು.

“ಹೌದು,” ಎಂದೆ.

ಅಷ್ಟೇ. ಜಗಲಿಯಲ್ಲಿ ಎಲ್ಲರೂ ಒಂದು ಸಲ ಉಸಿರುಬಿಟ್ಟ ಹಾಗಾಯಿತು. ಮುಟ್ಟಾದ ನೆಲಕ್ಕೆ ಒನಕೆಯ ಪೆಟ್ಟು ಕೊಟ್ಟು ಮಾಡಿದ ಮದ್ದು, ಹೀಗಲ್ಲದೆ ಇನ್ನು ಹೇಗಾದೀತು? ಬೇರೆ ಊರಿನವರು ಇದನ್ನು ಓದಿ ನಗಬಹುದು. ನಮ್ಮಲ್ಲಿ ಯಾರೂ ನಗಲಿಲ್ಲ. ಅವರೆಲ್ಲ ಕೆಟ್ಟವರಲ್ಲ, ನಂಬಿದವರು. ಅವರು ನಂಬಿದ ಮಾತೇ ಅಡಗಿಕೊಳ್ಳಲು ಸಿಕ್ಕಿತು ನನಗೆ.

ಮೂರು ವಾರ ಕಳೆದು ಮಾವ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮನೆಗೆ ಬಂದರು. ಮರುದಿನವೇ ಹಸನಬ್ಬ ಕಾಕ ಬಂದರು, ಕೈಯಲ್ಲಿ ಕಿತ್ತಳೆ ಹಣ್ಣಿನ ಕಟ್ಟು. ಅಂಗಳದಲ್ಲಿಯೇ ನಿಂತರು. ಮಾವ ಜಗಲಿಯಲ್ಲಿ ಮಲಗಿದ್ದವರು ಗೋಡೆಯ ಕಡೆ ಹೊರಳಿದರು.

“ನೀನು ಕೆಡ್ಡಸಕ್ಕೆ ಕುಟ್ಟಿದೆಯಂತೆ, ಹಸನಬ್ಬ.”

“ಇಲ್ಲ ಬೆಳ್ಯಪ್ಪ. ಯಾರು ಹೇಳಿದ್ದು?”

“ನೋಡಿದವರು.”

ಕಾಕ ಸುತ್ತ ನೋಡಿದರು. ನಾನು ಬಾಗಿಲ ಹತ್ತಿರ ಇದ್ದೆ. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ಆ ದಿನ ಅವರ ಮನೆಗೆ ಹೋದವನು ನಾನೊಬ್ಬನೇ ಎಂದು ಅವರಿಗೆ ಗೊತ್ತಿತ್ತು. ‘ಏನೋ ಮೋನೇ, ನೀನು ನೋಡಿದ್ದು ಎಂತ?’ ಎಂದು ಒಂದು ಮಾತು ಕೇಳಿದ್ದರೆ ನಾನು ಅಳುತ್ತಿದ್ದೆ, ಎಲ್ಲ ಹೊರಗೆ ಬರುತ್ತಿತ್ತು. ಅವರು ಕೇಳಲಿಲ್ಲ. ಹನ್ನೆರಡು ವರ್ಷದ ಹುಡುಗನನ್ನು ಅವನ ಮನೆಯವರೆದುರು ಸುಳ್ಳುಗಾರ ಎನ್ನಲು ಅವರಿಗೆ ಮನಸ್ಸು ಬರಲಿಲ್ಲವೋ, ಹೇಳಿದರೂ ಆ ಅಂಗಳದಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂದು ಗೊತ್ತಿತ್ತೋ. “ಸರಿ ಹಾಗಾದರೆ,” ಎಂದು ಕಿತ್ತಳೆಯ ಕಟ್ಟನ್ನು ಮೆಟ್ಟಿಲ ಮೇಲಿಟ್ಟು ಹೋದರು.

ಯಾರೂ ಅವರಿಗೆ ಬೈಯಲಿಲ್ಲ, ಹೊಡೆಯಲಿಲ್ಲ. ಮದ್ದು ಕೇಳಿಕೊಂಡು ಹೊಳೆ ದಾಟುವವರು ಇಲ್ಲವಾದರು, ಅಷ್ಟೆ. ಮುಂದಿನ ವರ್ಷ ದೇವಸ್ಥಾನದ ಕದಿನಕ್ಕೆ ಬೆಟ್ಟಂಪಾಡಿಯ ಕಡೆಯಿಂದ ಯಾರನ್ನೋ ಕರೆಸಿದರು. ಕಾಕ ಒಣಮೀನಿನ ಬುಟ್ಟಿ ಹೊತ್ತು ಊರೂರು ತಿರುಗತೊಡಗಿದರು. ನಮ್ಮ ಓಣಿಗೆ ಬರುತ್ತಿರಲಿಲ್ಲ. ನಾಲ್ಕೈದು ವರ್ಷ ಕಳೆದು ಜಾಗ ಮಾರಿ ಕೊಯಿಲದಲ್ಲಿ ಮಗಳ ಮನೆಯ ಹತ್ತಿರ ಹೋದರೆಂದು ಸುದ್ದಿ ಬಂತು.

ಇನ್ನು ನನ್ನ ಸುದ್ದಿ. ಮಾವನಿಗೆ ನಾನೂರು ರಬ್ಬರ್ ಮರ ಇತ್ತು. ತಾವೇ ಟ್ಯಾಪಿಂಗ್ ಮಾಡುತ್ತಿದ್ದವರು. ಒಂದೇ ಕಣ್ಣಾದ ಮೇಲೆ ಕತ್ತಿಯ ಆಳ ತಿಳಿಯುತ್ತಿರಲಿಲ್ಲ. ತೊಗಟೆಯಲ್ಲಿ ನಿಲ್ಲಬೇಕಾದ ಕತ್ತಿ ಮರಕ್ಕೇ ಹೋಗುತ್ತಿತ್ತು. ಮರಗಳ ಮೈಯೆಲ್ಲ ಗಾಯ. ಅದನ್ನು ನೋಡಲಾಗದೆ ನಾನು ಶಾಲೆ ಬಿಟ್ಟೆ. ಬೆಳಕು ಹರಿಯುವಾಗ ಎದ್ದು ನಾನೂರು ಮರ ಕೆತ್ತಿ, ಹಾಲು ತಂದು ಹುಳಿ ಹಾಕಿ, ಶೀಟು ಒತ್ತಿ ಒಣಗಿಸುವುದನ್ನು ಹದಿಮೂರನೆಯ ವಯಸ್ಸಿನಿಂದ ಇವತ್ತಿನವರೆಗೂ ಮಾಡಿದ್ದೇನೆ. ಒಂದು ದಿನ ಕೆಲಸ ತಪ್ಪಿಸಿದವನಲ್ಲ, ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಅದನ್ನು ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ. ಊರೂ ಹೊಗಳಿತು. “ಮಾವನಿಗೋಸ್ಕರ ಶಾಲೆ ಬಿಟ್ಟ ಹುಡುಗ, ಇಂಥವರು ಈಗ ಎಲ್ಲಿ ಸಿಗ್ತಾರೆ?” ಎಂದು ಮದುವೆಮನೆಗಳಲ್ಲಿ ನನ್ನನ್ನು ತೋರಿಸಿ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿದರೆ ವಿನಯ ಎಂದುಕೊಳ್ಳುತ್ತಿದ್ದರು.

ಮಾವ ಎಂದೂ ನನ್ನನ್ನು ಸಂಶಯಿಸಲಿಲ್ಲ. ಕೊನೆಕೊನೆಗೆ ಆ ಕೋವಿಯ ಲೈಸನ್ಸನ್ನೂ ನನ್ನ ಹೆಸರಿಗೆ ಮಾಡಿಸಿಕೊಟ್ಟರು. “ನಿನ್ನ ಕೈಯಲ್ಲಿ ಇದ್ದರೆ ಅದು ಸರಿ ಇರ್ತದೆ,” ಎಂದರು. ನಾನು ಅದರಿಂದ ಒಂದು ಈಡೂ ಹೊಡೆದಿಲ್ಲ. ಚುನಾವಣೆ ಬಂದಾಗ ಠಾಣೆಗೆ ಕೊಡುವುದು, ಮುಗಿದಾಗ ತರುವುದು, ಎಣ್ಣೆ ಹಾಕಿ ಇಡುವುದು, ಇಷ್ಟೇ. ಹಲವು ಸಲ ಅವರ ಕಾಲ ಹತ್ತಿರ ಕೂತು ಬಾಯಿ ತೆರೆದದ್ದುಂಟು. “ಎಂತ ಚಿನ್ನಪ್ಪ?” ಎನ್ನುತ್ತಿದ್ದರು. “ಎಂತ ಇಲ್ಲ ಮಾವ,” ಎನ್ನುತ್ತಿದ್ದೆ.

ಕಳೆದ ವರ್ಷ ಮಾವ ತೀರಿಹೋದರು. ಹದಿಮೂರು ದಿನದ ಕಾರ್ಯ ಎಲ್ಲ ಮಗನ ಸ್ಥಾನದಲ್ಲಿ ನಿಂತು ಮಾಡಿದೆ. ಅದಾಗಿ ಒಂದು ತಿಂಗಳಿಗೆ ಬೈಕು ತೆಗೆದುಕೊಂಡು ಕೊಯಿಲಕ್ಕೆ ಹೋದೆ. ಈಗ ಹೇಳಬಹುದು ಎಂದು ಆಗ ಅನಿಸಿದ್ದು ಯಾಕೆ ಎಂದು ನನಗೆ ಗೊತ್ತಿದೆ, ನಿಮಗೂ ಗೊತ್ತಾಗಿರಬಹುದು.

ಮಧ್ಯಾಹ್ನದ ಹೊತ್ತು. ಕಾಕ ಮಗಳ ಮನೆಯ ಸಿಟೌಟಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮೈ ಒಣಗಿದೆ, ಕಣ್ಣು ಮಾತ್ರ ಮೊದಲಿನದ್ದೇ. ಹೆಸರು ಹೇಳುವ ಮೊದಲೇ ಗುರುತು ಹಿಡಿದರು.

“ಬೆಳ್ಯಪ್ಪನ ಅಳಿಯ ಅಲ್ವಾ? ದಪ್ಪ ಆಗಿದ್ದಿ ಮಾರಾಯ. ಕೂತ್ಕೊ.”

ಮಗಳು ಚಾ ತಂದಿಟ್ಟಳು. ಚಾ ಮುಟ್ಟುವ ಮೊದಲೇ ಎಲ್ಲವನ್ನೂ ಹೇಳಿದೆ. ಕೇಶವ ನಕ್ಕದ್ದು, ಎಂಟನೆಯ ತೋಟೆ, ದೇರಣ್ಣಜ್ಜ ಕೇಳಿದ್ದು, ನಾನು ‘ಹೌದು’ ಎಂದದ್ದು. ಕಾಕ ನಡುವೆ ಒಂದೇ ಒಂದು ಸಲ ತಡೆದರು.

“ಎಷ್ಟು ಹಾಕಿದ್ದೆ?”

“ಒಂದೂವರೆ ಅಳತೆ ಕಾಕ.”

“ಒಂದೂವರೆ! ಒತ್ತಿ ತುಂಬಿಸಿ? ಆ ಕೋವಿಗೆ?” ಕಸುಬಿನವರ ಹಾಗೆ ತಲೆ ಕೊಡವಿದರು. “ಬಾಗಿಲೇ ಹಾರಿ ಹೋಗ್ಬೇಕಿತ್ತು. ತಲೆ ಉಳಿದದ್ದು ದೊಡ್ಡದು.”

ನಾನು ಹೇಳಿ ಮುಗಿಸಿದ ಮೇಲೆ ಬಹಳ ಹೊತ್ತು ಅಂಗಳವನ್ನೇ ನೋಡುತ್ತಿದ್ದರು. ನಾನು ಅಳುತ್ತಿದ್ದೆ. ಐವತ್ತರ ಹತ್ತಿರದ ಗಂಡಸು. ಅವರು ಸಮಾಧಾನ ಮಾಡುತ್ತಾರೆ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಕಾಯುತ್ತಿದ್ದೆ. ಅದನ್ನೂ ಮುಚ್ಚಿಡುವುದಿಲ್ಲ.

“ಇದನ್ನು ನನಗೆ ಹೇಳುದು ಎಂತಕ್ಕೆ?” ಎಂದರು. ಸಿಟ್ಟಿನಲ್ಲಿ ಅಲ್ಲ, ನಿಜವಾಗಿ ಕೇಳಿದರು. “ನನ್ನ ಮದ್ದು ಸರಿ ಇತ್ತೂಂತ ನನಗೆ ಅವತ್ತೇ ಗೊತ್ತುಂಟು. ನಾನು ಕುಟ್ಟಲಿಲ್ಲ ಅಂತ್ಲೂ ಗೊತ್ತುಂಟು. ನೀನು ಸುಳ್ಳು ಹೇಳಿದ್ದೂ ಗೊತ್ತುಂಟು. ನನಗೆ ಗೊತ್ತಿಲ್ಲದ್ದು ಇದರಲ್ಲಿ ಎಂತ ಉಂಟು? ಆ ಒಂದೂವರೆ ಬಿಟ್ಟರೆ?”

ನಾನು ಕಣ್ಣು ಒರೆಸಿಕೊಂಡೆ.

“ಬೆಳ್ಯಪ್ಪನಿಗೆ ಹೇಳಿದ್ದಿಯಾ?”

“ಇಲ್ಲ ಕಾಕ.”

“ಅವನು ಹೋದ ಅಂತ ಕೇಳಿದೆ. ಬರ್ಬೇಕು ಅಂತ ಅನಿಸಿತ್ತು. ಬಂದರೆ ಯಾರು ಎಂತ ಹೇಳ್ತಾರೋ ಅಂತ ಬರ್ಲಿಲ್ಲ.” ನನ್ನ ಕಡೆ ತಿರುಗಿ ಹೇಳಿದರು, “ಗೊತ್ತಿಲ್ಲದವ ಅವನು ಮೋನೇ. ಅವನಿಗೆ ಹೇಳ್ಬೇಕಿತ್ತು.”

ಚಾ ತಣ್ಣಗಾಗಿತ್ತು. ಕುಡಿಯದೆ ಎದ್ದರೆ ಅವರಿಗೆ ಅವಮಾನ ಎಂದು ಕುಡಿದೆ.

ಅಂದು ಬೇಟೆಗೆ ಬಂದ ಹನ್ನೊಂದು ಜನರಲ್ಲಿ ಈಗ ಉಳಿದವರು ಮೂವರು. ಮೂವರ ಮನೆಗೂ ಹೋಗಿ ಹೇಳಿದೆ. ಒಬ್ಬರಿಗೆ ನೆನಪೇ ಇಲ್ಲ. ಒಬ್ಬರು “ಆದದ್ದು ಆಯ್ತು, ಈಗ ಎಂತಕ್ಕೆ ಅದೆಲ್ಲ ಕೆದಕುದು?” ಎಂದರು. ಮೂರನೆಯವರು ಅಡಿಕೆಗೆ ಎಷ್ಟು ಧಾರಣೆ ಎಂದು ಕೇಳಿದರು.

ಕೊನೆಗೆ ಅತ್ತೆಗೆ ಹೇಳಿದೆ. ಅವರು ಕೇಳಿದ ಮೇಲೆ ನನ್ನ ಮುಖ ನೋಡಲಿಲ್ಲ.

“ಅವತ್ತು ಅವರು ಕಿತ್ತಳೆ ತಂದು ಅಂಗಳದಲ್ಲಿ ನಿಂತು ಹೋದರಲ್ಲ,” ಎಂದರು, “ಹೋದ ಮೇಲೆ ಅವರು ನಿಂತ ಜಾಗಕ್ಕೆ ನಾನು ಸೆಗಣಿ ನೀರು ಹಾಕಿದ್ದೆ. ಹಣ್ಣನ್ನು ದನಕ್ಕೆ ಹಾಕಿದೆ. ಎಷ್ಟು ವರ್ಷ ನನ್ನ ಕೈಯ ಊಟ ಉಂಡವರು. ನನ್ನ ಕೈಯಿಂದ ಅದನ್ನು ಮಾಡಿಸಿದ್ದು ನೀನಾ?”

ನಾನು ಹೌದು ಎಂದೆ. ಅತ್ತೆ ಎದ್ದು ಒಳಗೆ ಹೋದರು. ಈಗಲೂ ದಿನಾ ಹೋಗುತ್ತೇನೆ, ಊಟಕ್ಕೆ ಬಡಿಸುತ್ತಾರೆ. ಮೊದಲು ‘ಮಗ’ ಎನ್ನುತ್ತಿದ್ದರು, ಈಗ ಹೆಸರು ಹಿಡಿದು ಕರೆಯುತ್ತಾರೆ.

ಬೇಟೆ ನಿಂತಿತು, ಅದು ಒಳ್ಳೆಯದೇ. ನನ್ನೇರಿ ಈಗ ಪೇಟೆಯಲ್ಲಿ ಪ್ಯಾಕೆಟಿನಲ್ಲಿ ಸಿಗುತ್ತದಂತೆ. ಇವು ಹೋದದ್ದಕ್ಕೆ ಅಳುವವನು ನಾನಲ್ಲ. ಮೂವತ್ತಕ್ಕಿಂತ ಹೆಚ್ಚು ವರ್ಷಗಳ ಮಧ್ಯಾಹ್ನಗಳು ಹೋದವು. ಇಬ್ಬರು ಗೆಳೆಯರು ಒಂದೇ ಜಗಲಿಯಲ್ಲಿ ಕೂತು ಮೂರು ಭಾಷೆಯಲ್ಲಿ ಬೈದುಕೊಂಡು ಮುದುಕರಾಗಬೇಕಿತ್ತು. ಒಬ್ಬರು ಇಲ್ಲಿ ಗೋಡೆ ನೋಡಿಕೊಂಡು ಮುದುಕರಾದರು, ಇನ್ನೊಬ್ಬರು ಅಲ್ಲಿ ಅಂಗಳ ನೋಡಿಕೊಂಡು. ಎಷ್ಟು ಮರ ಕೆತ್ತಿದರೂ ಅದರಲ್ಲಿ ಒಂದು ಮಧ್ಯಾಹ್ನವನ್ನೂ ದುಡಿದು ತರಲಿಕ್ಕೆ ನನ್ನಿಂದ ಆಗುವುದಿಲ್ಲ.

ನಾನು ಬರೆದು ಅಭ್ಯಾಸ ಇದ್ದವನಲ್ಲ. ಗೊತ್ತಿಲ್ಲದವರಿಗೆ ಹೇಳಬೇಕು ಎಂದು ಕಾಕ ಹೇಳಿದ್ದಕ್ಕೆ ಬರೆದೆ. ಆ ಹೊಳೆಯ ಎರಡು ದಡದವರ ಮಕ್ಕಳು, ಮೊಮ್ಮಕ್ಕಳು ಎಲ್ಲಿದ್ದರೂ ಓದಲಿ. ಹಸನಬ್ಬ ಕಾಕ ಕೆಡ್ಡಸಕ್ಕೆ ಮದ್ದು ಕುಟ್ಟಲಿಲ್ಲ. ನಾನು ಸುಳ್ಳು ಹೇಳಿದೆ. ಮಾವನಿಗೆ ಇದು ತಿಳಿಯಲಿಲ್ಲ.